ದಸ್ತಗಿರಿ ಪುಸ್ತಕ ಓದುವ ಬಗೆ

‘ಪೊಲೀಸರ ಪುಸ್ತಕದಲ್ಲಿ ಅವನ ಹೆಸರಿದೆ’ ಅಂತ ಊರ ಗೌಡ ಹೇಳಿದರೆ ನಮಗೆ ಸಿಟ್ಟು ಬರುತ್ತದೆ. ಅದೇ ಮಾತನ್ನು ಚರಿತ್ರೆಯ ಪ್ರೊಫೆಸರು ‘ದಾಖಲೆಗಳ ಪ್ರಕಾರ’ ಎಂದು ಶುರುಮಾಡಿದರೆ ತಲೆದೂಗಿ ಬರೆದುಕೊಳ್ಳುತ್ತೇವೆ. ಎರಡೂ ಒಂದೇ ಪುಸ್ತಕ. ದಲಿತ ವಿಮರ್ಶೆ ಅಂದರೆ ಕತೆ, ಕವಿತೆ, ಆತ್ಮಕಥೆಗಳ ವಿಮರ್ಶೆ ಅಷ್ಟೇ ಎಂದುಕೊಂಡು ಕೂತರೆ ಠಾಣೆಯ, ಜೈಲಿನ, ಕೋರ್ಟಿನ ದಫ್ತರಗಳನ್ನು ಓದುವವರು ಯಾರು? ತುಳಿತಕ್ಕೊಳಗಾದ ಜನರ ಬಗ್ಗೆ ರಾಶಿ ರಾಶಿ ಬರೆದಿಟ್ಟವರು ಕವಿಗಳಲ್ಲ, ಗುಮಾಸ್ತರು. ಆ ಬರಹವನ್ನು ಪಠ್ಯವೆಂದು ತಿಳಿದು ಓದುವ ಕೆಲಸ ನಮ್ಮಲ್ಲಿ ಇನ್ನೂ ಸರಿಯಾಗಿ ಶುರುವಾಗಿಲ್ಲ. ಅಮೆರಿಕದ ಕಪ್ಪು ಜನರ ಚರಿತ್ರೆಯಲ್ಲಿ ಅದು ಶುರುವಾಗಿ ದೂರ ಹೋಗಿದೆ. ಹಾಗಾಗಿ ಸ್ವಲ್ಪ ಅಲ್ಲಿಗೆ ಹೋಗಿಬರೋಣ.

ಅಲ್ಲಿಗೂ ನಮಗೂ ನಂಟು ಹೊಸದೇನಲ್ಲ. ಜೋತಿಬಾ ಫುಲೆ 1873ರಲ್ಲಿ ‘ಗುಲಾಮಗಿರಿ’ಯನ್ನು ಅರ್ಪಿಸಿದ್ದು ಗುಲಾಮಗಿರಿ ತೊಡೆಯಲು ದುಡಿದ ಅಮೆರಿಕದ ಜನರಿಗೆ. ಅಂಬೇಡ್ಕರರು 1946ರಲ್ಲಿ ಡು ಬಾಯ್ಸ್ ಅವರಿಗೆ ಪತ್ರ ಬರೆದರು. 1972ರಲ್ಲಿ ಬೊಂಬಾಯಿಯ ದಲಿತ ಪ್ಯಾಂಥರ್ಸ್ ತಮ್ಮ ಹೆಸರನ್ನು ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ ತಗೊಂಡರು. ಆ ಕರಿಚಿರತೆ ಮೊದಲು ಕಾಣಿಸಿಕೊಂಡದ್ದು ಎಲ್ಲಿ ಎಂಬುದನ್ನು ಮಾತ್ರ ನಾವು ಅಷ್ಟಾಗಿ ಕೇಳಿಲ್ಲ. ಅದು ಅಲಬಾಮಾ ರಾಜ್ಯದ ಲೌಂಡ್ಸ್ ಎಂಬ ಒಂದು ಬಡ ಕೌಂಟಿಯ ಚುನಾವಣಾ ಗುರುತು. ಅಲ್ಲಿನ ಜನರಲ್ಲಿ ನೂರಕ್ಕೆ ಎಂಬತ್ತರಷ್ಟು ಕಪ್ಪು ಜನ. 1965ರ ಆರಂಭದಲ್ಲಿ ಮತದಾರರ ಪಟ್ಟಿಯಲ್ಲಿ ಅವರ ಒಂದು ಹೆಸರೂ ಇರಲಿಲ್ಲ. ಬಿಳಿಯರ ಡೆಮೊಕ್ರಾಟಿಕ್ ಪಕ್ಷದ ಗುರುತು ಬಿಳಿ ಹುಂಜ. ಅದಕ್ಕೆ ಎದುರಾಗಿ ಇವರು ಚಿರತೆ ತಂದರು. ಅವರು ಮೊದಲು ಹಿಡಿಯಹೊರಟದ್ದು ವಾಷಿಂಗ್ಟನ್ನಿನ ಕುರ್ಚಿಯನ್ನಲ್ಲ, ಕೌಂಟಿಯ ಷೆರೀಫನ ಕುರ್ಚಿಯನ್ನು. ಯಾಕೆ? ದಸ್ತಗಿರಿ ಪುಸ್ತಕ ಇರೋದು ಅಲ್ಲಿ.

ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ, ಆದರೆ ಬಹಳ ಕಡೆ ಅದಕ್ಕಿಂತ ಚಿಕ್ಕದು. ಅಲಬಾಮಾದಲ್ಲಿ 67 ಕೌಂಟಿಗಳಿವೆ. ಷೆರೀಫ್ ಅಂದರೆ ಜನ ಓಟು ಹಾಕಿ ಆರಿಸುವ ಪೊಲೀಸ್ ಮುಖ್ಯಸ್ಥ. ಜೈಲೂ ಅವನದೇ ಸುಪರ್ದಿಗೆ. ಯಾರನ್ನು ಯಾವ ದಿನ ಯಾವ ಆರೋಪದ ಮೇಲೆ ಒಳಗೆ ಹಾಕಿದರು ಎಂಬುದನ್ನು ಅವನ ಕಚೇರಿ ಬರೆದಿಡುತ್ತದೆ. ಅಲ್ಲಿನ ಕಾನೂನಿನಂತೆ ಇದು ಬಹುಮಟ್ಟಿಗೆ ಸಾರ್ವಜನಿಕ ದಾಖಲೆ, ಯಾರು ಬೇಕಾದರೂ ಕೇಳಬಹುದು. ಆದರೆ ಆ ಪುಸ್ತಕ ಹೇಳುವುದು ಹಿಡಿದರು ಅಂತ ಮಾತ್ರ. ಆಮೇಲೆ ಏನಾಯಿತು ಎಂಬುದು ಕೋರ್ಟಿನ ಗುಮಾಸ್ತನ ಪುಸ್ತಕದಲ್ಲಿರುತ್ತದೆ. ಶಿಕ್ಷೆಯಾದವನನ್ನು ಎಲ್ಲಿಗೆ ಕಳಿಸಿದರು ಎಂಬುದು ಕೈದಿಗಳ ರಿಜಿಸ್ಟರಿನಲ್ಲಿ, ಸತ್ತರೆ ಸಾವಿನ ದಾಖಲೆ ಇನ್ನೊಂದು ಕಚೇರಿಯಲ್ಲಿ. ಊರಿನ ಪೊಲೀಸರು ಹಿಡಿದಿದ್ದರೆ ಕಾಗದ ಊರಾಡಳಿತದ ಹತ್ತಿರ ಇರಬಹುದು, ಕೌಂಟಿಯಲ್ಲಿ ಸಿಗದೇ ಹೋಗಬಹುದು. ಒಬ್ಬ ಬಡವನ ಬಾಳು ಹೀಗೆ ನಾಲ್ಕಾರು ಕಚೇರಿಗಳಲ್ಲಿ ಹರಿದು ಹಂಚಿಹೋಗಿರುತ್ತದೆ. ಒಂದನ್ನೇ ಓದಿ ಎದ್ದವನಿಗೆ ಸಿಗೋದು ‘ಕಳ್ಳ’. ಎಲ್ಲವನ್ನೂ ಪಕ್ಕಪಕ್ಕ ಇಟ್ಟವನಿಗೆ ಸಿಗೋದು ಬೇರೆ ಕತೆ.

ಹಾಗೆ ಪಕ್ಕಪಕ್ಕ ಇಟ್ಟು ಓದಿದವರು ಡಗ್ಲಸ್ ಬ್ಲ್ಯಾಕ್‌ಮನ್ ಎಂಬ ಪತ್ರಕರ್ತರು. 2008ರಲ್ಲಿ ಬಂದ ಅವರ ‘ಸ್ಲೇವರಿ ಬೈ ಅನದರ್ ನೇಮ್’ ಗ್ರಂಥಕ್ಕೆ ಮರುವರ್ಷ ಪುಲಿಟ್ಜರ್ ಬಹುಮಾನ ಬಂತು. ಅದರ ನಡುವೆ ಇರೋದು ಒಬ್ಬ ಹುಡುಗನ ಹೆಸರು, ಗ್ರೀನ್ ಕಾಟನ್‌ಹ್ಯಾಮ್. 22 ವರ್ಷ. ಗುಲಾಮರಾಗಿದ್ದ ತಂದೆತಾಯಿಗಳ ಒಂಬತ್ತು ಮಕ್ಕಳಲ್ಲಿ ಕೊನೆಯವನು. 1908ರ ಮಾರ್ಚ್ 30ರಂದು ಅಲಬಾಮಾದ ಶೆಲ್ಬಿ ಕೌಂಟಿಯ ಷೆರೀಫ್ ಅವನನ್ನು ಹಿಡಿದ. ಆರೋಪ ಅಲೆಮಾರಿತನ. ಅಂದರೆ ‘ಈ ಕ್ಷಣ ನನಗೆ ಇಂಥಲ್ಲಿ ಕೆಲಸ ಇದೆ’ ಎಂದು ಅವನು ರುಜುವಾತು ಮಾಡಲಾರದೆ ಹೋದ, ಅಷ್ಟೆ. ಕೌಂಟಿ ಜಡ್ಜು 30 ದಿನದ ಕಠಿಣ ದುಡಿಮೆ ವಿಧಿಸಿದ. ಅದರ ಮೇಲೆ ಬಂತು ಫೀಸು: ಷೆರೀಫನಿಗೆ, ಅವನ ಕೈಕೆಳಗಿನವನಿಗೆ, ಕೋರ್ಟಿನ ಗುಮಾಸ್ತನಿಗೆ, ಸಾಕ್ಷಿಗಳಿಗೆ. ಕೊಡಲು ಹುಡುಗನ ಹತ್ತಿರ ದುಡ್ಡಿಲ್ಲ. ಶಿಕ್ಷೆ ಹತ್ತಿರ ಹತ್ತಿರ ಒಂದು ವರ್ಷಕ್ಕೆ ಬೆಳೆಯಿತು. ಅಪರಾಧಕ್ಕೆ ಮೂವತ್ತು ದಿನ, ಉಳಿದ ತಿಂಗಳುಗಳೆಲ್ಲ ತನ್ನನ್ನು ಹಿಡಿದವರ, ತನ್ನ ವಿರುದ್ಧ ಬರೆದವರ, ನುಡಿದವರ ಕೂಲಿ ತೀರಿಸುವುದಕ್ಕೆ!

ಮಾರನೇ ದಿನವೇ ಅವನನ್ನು ಯು.ಎಸ್. ಸ್ಟೀಲ್ ಎಂಬ ದೈತ್ಯ ಕಂಪನಿಯ ಅಂಗಸಂಸ್ಥೆಗೆ ಒಪ್ಪಿಸಿದರು. ಕಂಪನಿ ಕೌಂಟಿಗೆ ತಿಂಗಳಿಗೆ 12 ಡಾಲರ್ ಕೊಡುತ್ತದೆ. ಅವನು ಬರ್ಮಿಂಗ್‌ಹ್ಯಾಮ್ ಪಟ್ಟಣದ ಅಂಚಿನ ಗಣಿಯೊಳಗೆ ದಿನಕ್ಕೆ ಎಂಟು ಟನ್ ಕಲ್ಲಿದ್ದಲು ತೆಗೆಯಬೇಕು. ಆಗಸ್ಟ್ ತಿಂಗಳು ಮುಗಿಯುವ ಮೊದಲೇ ಸತ್ತ. ನಮ್ಮ ಭಾಷೆಯಲ್ಲಿ ಇದಕ್ಕೆ ಜೀತ ಎಂಬ ಖಚಿತ ಪದ ಇದೆ. 1865ರ ಹದಿಮೂರನೇ ತಿದ್ದುಪಡಿ ಗುಲಾಮಗಿರಿಯನ್ನು ರದ್ದು ಮಾಡಿತು ಅಂತ ಶಾಲೆಯಲ್ಲಿ ಓದುತ್ತೇವೆ. ‘ಅಪರಾಧಕ್ಕೆ ಶಿಕ್ಷೆಯಾಗಿ ಹೊರತು’ ಎಂಬ ವಿನಾಯಿತಿ ಅದರಲ್ಲೇ ಇದೆ. ಆ ಕಿಂಡಿಯಿಂದ ಒಳಗೆ ಬರಬೇಕಾದರೆ ಮೊದಲು ಅಪರಾಧಿ ಬೇಕು. ಅಪರಾಧಿಯನ್ನು ತಯಾರುಮಾಡುವ ಕೆಲಸವನ್ನು ಕೌಂಟಿಯ ಪುಸ್ತಕ ವಹಿಸಿಕೊಂಡಿತು.

ಬ್ಲ್ಯಾಕ್‌ಮನ್ ತೋರಿಸಿಕೊಡುವ ಮುಖ್ಯ ಸಂಗತಿ ಇದು: ದಸ್ತಗಿರಿಗಳು ಏರುತ್ತಿದ್ದದ್ದು ಅಪರಾಧ ಹೆಚ್ಚಿದಾಗ ಅಲ್ಲ, ಆಳು ಬೇಕಾದಾಗ. ಹೆಸರಿನ ಕಾಲಂ ಬಿಟ್ಟು ತಾರೀಕಿನ ಕಾಲಮ್ಮನ್ನು ಮೇಲಿಂದ ಕೆಳಕ್ಕೆ ಓದಿದರೆ ಇದು ಕಾಣುತ್ತದೆ. ಫೀಸಿನ ಕಾಲಂ ಓದಿದರೆ ಯಾರ ಹೊಟ್ಟೆ ತುಂಬಿತು ಅಂತ ಕಾಣುತ್ತದೆ. ಆರೋಪದ ಕಾಲಂ ಓದಿದರೆ ಆಳುವವರಿಗೆ ಯಾವುದರ ಭಯ ಇತ್ತು ಅಂತ ಗೊತ್ತಾಗುತ್ತದೆ. ಹಿಡಿಸಿಕೊಂಡವನ ಬಗ್ಗೆ ಅಲ್ಲಿರೋದು ಅತಿ ಕಡಿಮೆ. 1911ರ ಏಪ್ರಿಲ್‌ನಲ್ಲಿ ಬ್ಯಾನರ್ ಎಂಬ ಗಣಿ ಸ್ಫೋಟಿಸಿ 128 ಮಂದಿ ಸತ್ತರು. ಹೆಚ್ಚಿನವರು ಕಪ್ಪು ಕೈದಿಗಳು, ಹಲವರು ಜೂಜು, ಅಲೆಮಾರಿತನದಂಥ ಚಿಲ್ಲರೆ ಆರೋಪಗಳ ಮೇಲೆ ಕೌಂಟಿಯಿಂದ ಬಂದವರು. ಇಷ್ಟಾದರೂ ಅಲಬಾಮಾ ಕೈದಿಗಳನ್ನು ಬಾಡಿಗೆಗೆ ಕೊಡುವುದನ್ನು ನಿಲ್ಲಿಸಿದ್ದು 1928ರಲ್ಲಿ, ಎಲ್ಲ ರಾಜ್ಯಗಳಿಗಿಂತ ಕಡೆಗೆ. ಅದೇ ರಾಜ್ಯದ 1901ರ ಸಂವಿಧಾನದಲ್ಲಿ ಅಲೆಮಾರಿಯೆಂದು ಶಿಕ್ಷೆಯಾದವನ ಓಟನ್ನೂ ಕಿತ್ತುಕೊಳ್ಳುವ ಕಲಮು ಇತ್ತು. ಒಂದೇ ಸಾಲಿನ ಬರಹದಿಂದ ಮೈಯೂ ಹೋಯಿತು, ಮತವೂ ಹೋಯಿತು.

ತಾರೀಕು ನೋಡದೆ ಓದಿದರೆ ನಮ್ಮವರೂ ಎಡವುತ್ತಾರೆ. ಎದೆಯ ಮುಂದೆ 7053 ಎಂಬ ನಂಬರು ಹಿಡಿದ ರೋಸಾ ಪಾರ್ಕ್ಸ್ ಅವರ ಚಿತ್ರ ಎಷ್ಟೋ ಭಿತ್ತಿಪತ್ರಗಳಲ್ಲಿ ಇದೆ. ಬಸ್ಸಿನ ಸೀಟು ಬಿಡದೆ ದಸ್ತಗಿರಿಯಾದ ದಿನದ ಚಿತ್ರ ಎಂದೇ ಕೆಳಗೆ ಅಚ್ಚಾಗಿರುತ್ತದೆ. ಅಲ್ಲ. ಬಸ್ಸಿನ ದಸ್ತಗಿರಿ 1955ರ ಡಿಸೆಂಬರ್ 1ರಂದು. ಆ ಕೇಸಿನಲ್ಲಿ ಅವರಿಗೆ ಬಿದ್ದದ್ದು 10 ಡಾಲರ್ ದಂಡ, ಮೇಲೆ 4 ಡಾಲರ್ ಖರ್ಚು. ಈ ಚಿತ್ರ 1956ರ ಫೆಬ್ರವರಿ 22ರದು. ಬಸ್ ಬಹಿಷ್ಕಾರ ನಡೆಸಿದ್ದೇ ಅಪರಾಧವೆಂದು 1921ರ ಒಂದು ಹಳೆ ಕಾನೂನು ತೆಗೆದು ಡಜನುಗಟ್ಟಲೆ ಜನರ ಮೇಲೆ ಕೇಸು ಹಾಕಿದಾಗ ತೆಗೆದದ್ದು. ಎರಡು ದಸ್ತಗಿರಿಗಳನ್ನು ಒಂದು ಮಾಡಿದರೆ ಒಂಟಿ ಹೆಂಗಸಿನ ದಣಿವಿನ ಕತೆ ಉಳಿಯುತ್ತದೆ. ಇಡೀ ಸಮುದಾಯ ತಾನಾಗಿ ನಡೆದುಹೋಗಿ ಹೆಸರು ಬರೆಸಿಕೊಂಡ ಚಳವಳಿ ಕಳೆದುಹೋಗುತ್ತದೆ. ಆ ಚಿತ್ರಗಳ ಪುಸ್ತಕ ಮಾಂಟ್‌ಗೊಮರಿ ಕೌಂಟಿಯ ಷೆರೀಫ್ ಕಚೇರಿಯಲ್ಲಿ ಧೂಳು ತಿನ್ನುತ್ತಾ ಬಿದ್ದಿದ್ದು 2004ರಲ್ಲಿ ಸಿಕ್ಕಿತು. ಮಾರ್ಟಿನ್ ಲೂಥರ್ ಕಿಂಗ್ ಅವರ ಚಿತ್ರದ ಮೇಲೆ ಯಾರೋ ‘ಸತ್ತ’ ಎಂದು ಗೀಚಿ, ಕೊಲೆಯಾದ ದಿನದ ತಾರೀಕು ಹಾಕಿದ್ದರು. ಕಚೇರಿಯ ಕೈಬರಹಕ್ಕೆ ಮನಸ್ಸು ಇರುವುದಿಲ್ಲ ಅಂತ ಯಾರು ಹೇಳಿದ್ದು?

ಪುಸ್ತಕದಲ್ಲಿ ಇಲ್ಲದ್ದನ್ನೂ ಓದಬೇಕು. ಗುಂಪು ಜೈಲಿನಿಂದಲೇ ಎಳೆದೊಯ್ದು ಮರಕ್ಕೆ ನೇತುಹಾಕಿದವನ ಹೆಸರು ಇರುತ್ತದೆ, ನೇತುಹಾಕಿದವರ ಹೆಸರು ಇರುವುದಿಲ್ಲ. ಹಾಗೆ ಕೊಲೆಯಾದವರಿಗಾಗಿ ಮಾಂಟ್‌ಗೊಮರಿಯಲ್ಲಿ 2018ರಲ್ಲಿ ತೆರೆದ ಸ್ಮಾರಕದಲ್ಲಿ ಕೌಂಟಿಗೊಂದರಂತೆ 800ಕ್ಕೂ ಹೆಚ್ಚು ಉಕ್ಕಿನ ಕಂಬಗಳಿವೆ. ಕೌಂಟಿಗಳು ಬರೆಯದ ರಿಜಿಸ್ಟರನ್ನು ಜನ ಬರೆದಿದ್ದಾರೆ. ಬರೆದದ್ದನ್ನು ನಾಶಮಾಡಿದ್ದೂ ಉಂಟು. ಡು ಬಾಯ್ಸ್ 1906ರಲ್ಲಿ ಕೇಂದ್ರ ಸರ್ಕಾರದ ಕಾರ್ಮಿಕ ಕಚೇರಿಗಾಗಿ ಇದೇ ಲೌಂಡ್ಸ್ ಕೌಂಟಿಯ ಪಾಲುಗಾರಿಕೆಯ ಬಗ್ಗೆ ದೊಡ್ಡ ಅಧ್ಯಯನ ಮಾಡಿಕೊಟ್ಟರು. ರಾಜಕೀಯ ವಿಷಯ ಮುಟ್ಟುತ್ತದೆ ಎಂದು ಅಚ್ಚುಮಾಡಲಿಲ್ಲ. ಆಮೇಲೆ ಕೇಳಿದರೆ ಹಸ್ತಪ್ರತಿಯೇ ಇಲ್ಲ, ನಾಶ ಮಾಡಲಾಗಿದೆ!

ದಾಖಲೆ ಸಾರ್ವಜನಿಕವಾದರೆ ಒಳ್ಳೆಯದೇ ಅಂತ ಹೇಳಿಬಿಡುವುದೂ ಸುಲಭವಲ್ಲ. ಹಳೆಯ ಪುಸ್ತಕ ತೆರೆದಿದ್ದರಿಂದ ನಮಗೆ ಗ್ರೀನ್ ಸಿಕ್ಕ. ಇವತ್ತಿನ ಪುಸ್ತಕ ತೆರೆದಿರುವುದರಿಂದ ಇವತ್ತಿನ ಹುಡುಗನಿಗೆ ಕೆಲಸ ಸಿಗೋದಿಲ್ಲ, ಬಾಡಿಗೆ ಮನೆ ಸಿಗೋದಿಲ್ಲ. ಕೇಸು ಬಿದ್ದುಹೋದರೂ ದಸ್ತಗಿರಿಯ ಸಾಲು ಉಳಿಯುತ್ತದೆ. ಪೊಲೀಸರು ಹಂಚಿದ ‘ಅಂಗಡಿಗಳ್ಳರ’ ಪಟ್ಟಿಯಲ್ಲಿ ಹೆಸರು ಬಂದು, ಕೇಸು ವಜಾ ಆದ ಒಬ್ಬಾತನಿಗೆ 1976ರ ಪಾಲ್ ವಿರುದ್ಧ ಡೇವಿಸ್ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು, ಬರೀ ಮಾನಹಾನಿಗೆ ಸಂವಿಧಾನದ ರಕ್ಷಣೆ ಇಲ್ಲ ಎಂದು. ಶಿಕ್ಷೆಯಾಗದವರ ದಾಖಲೆ ಅಳಿಸಲು ಅಲಬಾಮಾ 2014ರಲ್ಲಿ ದಾರಿ ಮಾಡಿತು. ಶುಲ್ಕ 300 ಡಾಲರ್. 2021ರಲ್ಲಿ ಅದನ್ನು 500ಕ್ಕೆ ಏರಿಸಿದರು. ಫೀಸಿನ ಕಾಲಂ ಸತ್ತಿಲ್ಲ.

ಈ ಕಣ್ಣಿನಿಂದ ನಮ್ಮ ಜಿಲ್ಲೆಯ ಪುಸ್ತಕ ತೆರೆಯಿರಿ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯಡಿ ಜಿಲ್ಲಾ ಮ್ಯಾಜಿಸ್ಟ್ರೇಟ್ ಒಂದೊಂದು ಬುಡಕಟ್ಟಿನ ರಿಜಿಸ್ಟರ್ ಮಾಡಿಸುತ್ತಿದ್ದ. ಶೆಲ್ಬಿ ಕೌಂಟಿಯ ಪುಸ್ತಕದಲ್ಲಿ ಸುಳ್ಳಾದರೂ ಒಂದು ಅಪರಾಧ ಬರೆಯಬೇಕಿತ್ತು. ಇಲ್ಲಿ ಅದೂ ಬೇಕಿರಲಿಲ್ಲ, ಹುಟ್ಟಿದ್ದೇ ಸಾಕು. ಕೊರಚರು, ಕೊರಮರು ಹಾಜರಿ ಕೊಟ್ಟದ್ದು ಇಂಥ ಪುಸ್ತಕಗಳಿಗೆ. ತಂತಿಬೇಲಿಯೊಳಗೆ ಅವರನ್ನು ಕೂಡಿಹಾಕಿದ ಜಾಗವನ್ನು ಹುಬ್ಬಳ್ಳಿಯಲ್ಲಿ ಇವತ್ತಿಗೂ ಸೆಟ್ಲಮೆಂಟ್ ಅಂತಲೇ ಕರೀತಾರೆ. ಕಾಯಿದೆ 1952ರಲ್ಲಿ ಹೋಯಿತು. ಜೈಲಿನ ಪುಸ್ತಕದ ಜಾತಿ ಕಾಲಂ ತೆಗೆಯಿರಿ ಎಂದು ನಮ್ಮ ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಅಕ್ಟೋಬರ್ 3ರಂದು, ಸುಕನ್ಯಾ ಶಾಂತಾ ಪ್ರಕರಣದಲ್ಲಿ. ಅಲ್ಲಿಯವರೆಗೆ ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಅಡುಗೆ ಯಾರಿಗೆ, ಪೊರಕೆ ಯಾರಿಗೆ ಎಂಬುದು ಜಾತಿಯ ಮೇಲೇ ನಿಂತಿತ್ತು. ಅನ್ಯಾಯವನ್ನು ಎಣಿಸಲು ಕೇಳುವ ಜಾತಿ ಬೇರೆ, ಪೊರಕೆ ಕೊಡಲು ಕೇಳುವ ಜಾತಿ ಬೇರೆ. ಈ ವ್ಯತ್ಯಾಸ ಬಿಟ್ಟುಕೊಡಬಾರದು.

ನಮ್ಮಲ್ಲೂ ಬಾಗಿಲು ಪೂರಾ ಮುಚ್ಚಿಲ್ಲ. 2009ರ ತಿದ್ದುಪಡಿಯಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ 41-ಸಿ ಎಂಬ ಕಲಮು ಸೇರಿತು: ಪ್ರತಿ ಜಿಲ್ಲೆಯ ಕಂಟ್ರೋಲ್ ರೂಮಿನ ಹೊರಗಿನ ಬೋರ್ಡಿನಲ್ಲಿ ದಸ್ತಗಿರಿಯಾದವರ ಹೆಸರು, ವಿಳಾಸ, ಜೊತೆಗೆ ಹಿಡಿದ ಅಧಿಕಾರಿಯ ಹೆಸರು, ಹುದ್ದೆ ಹಾಕಬೇಕಿತ್ತು. 2024ರ ಜುಲೈಯಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 37ನೇ ಕಲಮು ದಸ್ತಗಿರಿಯಾದವರ ಹೆಸರು, ವಿಳಾಸ, ಆರೋಪ ಹಾಕುವುದನ್ನು ಠಾಣೆಯವರೆಗೂ ವಿಸ್ತರಿಸಿದೆ, ಆದರೆ ಹಿಡಿದ ಅಧಿಕಾರಿಯ ಹೆಸರು ಹಾಕಬೇಕೆಂದು ಅದರಲ್ಲಿಲ್ಲ. ಬೋರ್ಡಿನ ಮುಂದೆ ನಿಲ್ಲುವ ಸಂಘಟನೆಯ ಹುಡುಗರು ಮೊದಲು ಕೇಳಿ ಬರೆದುಕೊಳ್ಳಬೇಕಾದ್ದು ಅಧಿಕಾರಿಯ ಹೆಸರನ್ನು, ಆಮೇಲೆ ತಾರೀಕನ್ನು.

ಈ ಓದು ಯಾವಾಗಲೂ ನಮಗೆ ಹಿತವಾಗಿರುತ್ತದೆ ಅಂತಲ್ಲ. ಹಿಡಿದ ಮಾತ್ರಕ್ಕೆ ಅಪರಾಧಿಯಲ್ಲ ಎಂಬ ನಿಯಮ ನಮ್ಮನ್ನು ಸುಟ್ಟವರಿಗೂ ಅನ್ವಯಿಸುತ್ತದೆ. 2000ದ ಮಾರ್ಚ್‌ನಲ್ಲಿ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ಕೋರ್ಟಿನ ಪುಸ್ತಕ ಅಲ್ಲಿಗೆ ಮುಗಿಯುತ್ತದೆ. ಸಾಕ್ಷಿಗಳು ಯಾಕೆ ತಿರುಗಿಬಿದ್ದರು, ಯಾರ ಹೊಲದಲ್ಲಿ ಕೂಲಿ ಮಾಡಬೇಕಿತ್ತು ಎಂಬುದಕ್ಕೆ ಅದರಲ್ಲಿ ಕಾಲಂ ಇಲ್ಲ. ಅಲ್ಲಿಂದ ಮುಂದಿನದನ್ನು ಬರೆಯುವುದೇ ವಿಮರ್ಶೆಯ ಪಾಲಿನ ಕೆಲಸ.

ಲೌಂಡ್ಸ್ ಕೌಂಟಿಯ ಚಿರತೆ 1966ರ ಚುನಾವಣೆಯಲ್ಲಿ ಸೋತಿತು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಜಾನ್ ಹ್ಯೂಲೆಟ್ 1970ರಲ್ಲಿ ಅದೇ ಕೌಂಟಿಯ ಷೆರೀಫರಾಗಿ ಗೆದ್ದರು. ಎರಡು ದಶಕಕ್ಕೂ ಹೆಚ್ಚು ಕಾಲ ಆ ಕುರ್ಚಿಯಲ್ಲಿದ್ದರು. ದಸ್ತಗಿರಿ ಪುಸ್ತಕ ಅವರ ಮೇಜಿಗೆ ಬಂತು. ಆ ವರ್ಷಗಳ ಪುಟಗಳನ್ನೂ ಇದೇ ಕಣ್ಣಿನಿಂದ, ತಾರೀಕು ಹಿಡಿದು, ಫೀಸು ಹಿಡಿದು, ಯಾರಾದರೂ ಓದಬೇಕು.