ಬೀಸುವ ಕಲ್ಲಿನಿಂದ ಮೊಬೈಲಿನವರೆಗೆ: ಹಾಡು ಮತ್ತು ನಮ್ಮ ನೆನಪು



ಇಪ್ಪತ್ತೈದು ವರ್ಷದಲ್ಲಿ ನಮ್ಮ ಹಾಲು ಉತ್ಪಾದಕರ ಸಂಘ ಎಷ್ಟು ಲೀಟರ್ ಹಾಲು ಶೇಖರಿಸಿತು, ಎಷ್ಟು ಬಟವಾಡೆ ಮಾಡಿತು ಎಂಬುದನ್ನು ಕಾರ್ಯದರ್ಶಿಗಳು ತಮ್ಮ ವರದಿಯಲ್ಲಿ ಬರೆದಿದ್ದಾರೆ. ಯಾವ ಲೆಡ್ಜರಿನಲ್ಲೂ ಸಿಗದ ಒಂದು ಲೆಕ್ಕ ಬರೆಯೋಣ ಅಂತ ನಾನು ಕೂತಿದ್ದೇನೆ. ಅದು ಹಾಡಿನ ಲೆಕ್ಕ. ನಮ್ಮೂರ ಹಿರಿಯರಲ್ಲಿ ಎಷ್ಟೋ ಜನಕ್ಕೆ ಮದುವೆಯಾದ ತಾರೀಖು ಗೊತ್ತಿಲ್ಲ. ಆದರೆ ಅವತ್ತು ಮೈಕಿನಲ್ಲಿ ಯಾವ ಹಾಡು ಹಾಕಿದ್ದರು ಅಂತ ಕೇಳಿ ನೋಡಿ, ಥಟ್ಟನೆ ಹೇಳುತ್ತಾರೆ.

ರೇಡಿಯೋ ಬರುವ ಮೊದಲು ಹಾಡು ಇದ್ದದ್ದು ಕೆಲಸದ ಜೊತೆಗೆ. ರಾಗಿ ಬೀಸುವಾಗ ಬೀಸುವ ಪದ, ನಾಟಿ ಹಾಕುವಾಗ ನಾಟಿ ಪದ, ಮದುವೆ ಒಸಗೆಗೆ ಸೋಬಾನೆ. ಮದುವೆ ಚಪ್ಪರದಲ್ಲಿ ತನಗೆ ಹಾಡಿದ ಸೋಬಾನೆಯನ್ನು ಹೆಣ್ಣುಮಗಳು ಕೊನೆಯವರೆಗೂ ಮರೆಯುತ್ತಿರಲಿಲ್ಲ. ಇಂಥ ಹಾಡುಗಳು ಕಳೆದುಹೋಗಬಾರದೆಂದು ಮೊದಲು ಎಚ್ಚೆತ್ತವರಲ್ಲಿ ವಿಜಾಪುರ ಸೀಮೆಯ ಹಲಸಂಗಿ ಗೆಳೆಯರು ಮುಖ್ಯರು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡ ಹಾಡುಗಳು 1931ರಲ್ಲಿ 'ಗರತಿಯ ಹಾಡು' ಎಂಬ ಪುಸ್ತಕವಾಗಿ ಬಂದವು. ಹಲಸಂಗಿಯೂ ನಮ್ಮೂರಿನಂಥದೇ ಒಂದು ಹಳ್ಳಿ ಎಂಬುದನ್ನು ಗಮನಿಸಬೇಕು.

ಆಮೇಲೆ ಬಂತು ರೇಡಿಯೋ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳಿಕೊಡುತ್ತಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದರು. ಅದರ ಹೆಸರು 'ಆಕಾಶವಾಣಿ'. ಮುಂದೆ ಇಡೀ ದೇಶದ ರೇಡಿಯೋಗೇ ಆ ಹೆಸರು ನಿಂತಿತು. 1957ರಲ್ಲಿ ವಿವಿಧ ಭಾರತಿ ಶುರುವಾದ ಮೇಲೆ ಸಿನಿಮಾ ಹಾಡುಗಳಿಗೆ ಬರವಿಲ್ಲ ಅನ್ನುವಂತಾಯಿತು. ಹಳ್ಳಿಯಲ್ಲಿ ರೇಡಿಯೋ ಇದ್ದದ್ದು ಒಂದೋ ಎರಡೋ ಮನೆಯಲ್ಲಿ. ಅದಕ್ಕೂ ಪೋಸ್ಟಾಫೀಸಿನಲ್ಲಿ ಲೈಸೆನ್ಸ್ ಹಣ ಕಟ್ಟಬೇಕಿತ್ತು. ಜಗುಲಿ ಮೇಲೆ ರೇಡಿಯೋ ಇಟ್ಟರೆ ಬೀದಿಯವರೆಲ್ಲ ಬಂದು ಕೂರುತ್ತಿದ್ದರು. ಒಂದೇ ಹಾಡು, ಹತ್ತಾರು ಜನ.

1972ರಲ್ಲಿ 'ಬಂಗಾರದ ಮನುಷ್ಯ' ಬಂತು. ಟಿ. ಕೆ. ರಾಮರಾಯರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ. ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿದ ಚಿತ್ರ. ಅದೇ ಕಾಲದಲ್ಲಿ ನಮ್ಮಪ್ಪ ಹೊಲದಲ್ಲಿ ಬಾವಿ ತೋಡಿಸುತ್ತಿದ್ದರು. ಬಂಡೆ ಸಿಕ್ಕಿ ಎಲ್ಲರೂ ಕೈಚೆಲ್ಲಿದಾಗ, ಆ ಚಿತ್ರದಲ್ಲಿ ಪಿ. ಬಿ. ಶ್ರೀನಿವಾಸ್ ಹಾಡಿದ ದುಡಿಮೆಯ ಹಾಡನ್ನು ಗುನುಗುತ್ತಲೇ ಮತ್ತೆ ಹಾರೆ ಹಿಡಿದರಂತೆ. ಈಗ ಆ ಬಾವಿ ಬತ್ತಿದೆ, ಬೋರ್‌ವೆಲ್ ಬಂದಿದೆ. ಆದರೂ ಆ ಹಾಡು ಕೇಳಿದರೆ ಸಾಕು, ಎಷ್ಟು ಅಡಿಗೆ ಬಂಡೆ ಸಿಕ್ಕಿತು, ಯಾರ್ಯಾರು ಕೆಲಸಕ್ಕೆ ಬಂದಿದ್ದರು ಅಂತ ಅಪ್ಪ ಹೆಸರು ಹಿಡಿದು ಹೇಳುತ್ತಾರೆ.

1974ರ 'ಸಂಪತ್ತಿಗೆ ಸವಾಲ್' ಚಿತ್ರದ ಎಮ್ಮೆ ಹಾಡನ್ನಂತೂ ಹೈನುಗಾರರಾದ ನಾವು ಮರೆಯುವ ಹಾಗೇ ಇಲ್ಲ! ಅದುವರೆಗೆ ಡಾ. ರಾಜ್ ಅವರ ಪಾತ್ರಗಳಿಗೆ ಹೆಚ್ಚಾಗಿ ಪಿ. ಬಿ. ಶ್ರೀನಿವಾಸ್ ಹಾಡುತ್ತಿದ್ದರು. ಈ ಹಾಡು ಗೆದ್ದ ಮೇಲೆ ರಾಜ್ ಅವರೇ ಹಾಡತೊಡಗಿದರು. ಕೆರೆಯಲ್ಲಿ ಎಮ್ಮೆ ಮೈ ತೊಳೆಯುತ್ತಾ ಅದನ್ನು ಹಾಡದ ಹುಡುಗ ನಮ್ಮೂರಲ್ಲಿ ಇರಲಿಲ್ಲ.

ನಮ್ಮ ವಯಸ್ಸಿನವರದು ಕ್ಯಾಸೆಟ್ ಕಾಲ. 1993ರಲ್ಲಿ ಬಂದ 'ಆಕಸ್ಮಿಕ' ಚಿತ್ರಕ್ಕೆ ಹಂಸಲೇಖ ಬರೆದು, ಡಾ. ರಾಜ್ ಹಾಡಿದ ಕನ್ನಡ ನಾಡಿನ ಹಾಡು ಸಿನಿಮಾವನ್ನೇ ದಾಟಿ ಬಂದು ರಾಜ್ಯೋತ್ಸವದ ಹಾಡಾಯಿತು. ಅದು ಕೇಳಿದರೆ ನನಗೆ ಈಗಲೂ ಶಾಲೆಯ ಅಂಗಳ, ಕೆಂಪು ಹಳದಿ ಬಾವುಟ, ಕೈಯಲ್ಲಿ ಕೊಟ್ಟ ಎರಡು ಪೆಪ್ಪರಮಿಂಟು ನೆನಪಾಗುತ್ತದೆ.

ಹಾಡಿಗೆ ನೆನಪು ಅಂಟಿಕೊಳ್ಳುವುದು ಯಾಕೆ? ಮನಶ್ಶಾಸ್ತ್ರದವರು ಹೇಳುವ ಪ್ರಕಾರ ಹತ್ತರಿಂದ ಮೂವತ್ತು ವರ್ಷದೊಳಗಿನ ನೆನಪುಗಳು ಮನಸ್ಸಿನಲ್ಲಿ ಹೆಚ್ಚು ಗಟ್ಟಿಯಾಗಿ ಉಳಿಯುತ್ತವೆ, ಆ ವಯಸ್ಸಿನಲ್ಲಿ ಕೇಳಿದ ಹಾಡೂ ಹಾಗೆಯೇ. ಓದು, ಮದುವೆ, ಮೊದಲ ಮಗು, ಮೊದಲ ಬೆಳೆ ಎಲ್ಲಾ ಆಗುವುದು ಹೆಚ್ಚಾಗಿ ಆ ವಯಸ್ಸಿನಲ್ಲೇ ತಾನೆ?

ಆದರೆ ಒಂದು ಹಾಡಿನ ನೆನಪು ಬದಲಾಗುವುದೂ ಉಂಟು. 2017ರ 'ರಾಜಕುಮಾರ' ಚಿತ್ರದ ಬೊಂಬೆ ಹಾಡು ಬಂದಾಗ ಅದು ಸಂಭ್ರಮದ ಹಾಡು. ಮದುವೆ ಮನೆ, ಗಣೇಶನ ಮೆರವಣಿಗೆ, ಎಲ್ಲಾ ಕಡೆ ಅದೇ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡರು. ತಂದೆಯಂತೆ ಅವರೂ ನಮ್ಮ ನಂದಿನಿ ಹಾಲಿನ ರಾಯಭಾರಿಯಾಗಿದ್ದವರು. ಅಂದು ಸಂಜೆ ಹಾಲು ಹಾಕಲು ಕ್ಯಾನ್ ಹಿಡಿದು ನಿಂತಿದ್ದ ಸಾಲಿನಲ್ಲಿ ಒಬ್ಬ ಹುಡುಗನ ಮೊಬೈಲಿನಿಂದ ಆ ಹಾಡು ಬಂತು. ಯಾರೂ ಮಾತಾಡಲಿಲ್ಲ. ಹಾಡು ಅದೇ, ಕೇಳುವ ನಾವು ಬದಲಾಗಿದ್ದೆವು.

ಈಗ ಒಬ್ಬೊಬ್ಬರ ಕಿವಿಗೆ ಒಂದೊಂದು ಹಾಡು. ತಪ್ಪೇನಿಲ್ಲ, ಅವರವರ ನೆನಪು ಅವರವರಿಗೆ. ಸಿನಿಮಾ ಹಾಡನ್ನು ಬೇಕೆಂದಾಗ ಮೊಬೈಲಿನಲ್ಲಿ ಹುಡುಕಬಹುದು. ಆದರೆ ನಮ್ಮೂರ ಸೋಬಾನೆ ಯಾವ ಮೊಬೈಲಿನಲ್ಲೂ ಇಲ್ಲ. ನಮ್ಮಜ್ಜಿ ಬೆಳಗಿನ ಜಾವ ರಾಗಿ ಬೀಸುತ್ತಾ ಹಾಡುತ್ತಿದ್ದರು. ಊರಿಗೆ ಮಿಲ್ಲು ಬಂತು, ಕಲ್ಲು ನಿಂತಿತು, ಹಾಡೂ ನಿಂತಿತು. ಅಜ್ಜಿಯನ್ನು ಕೂರಿಸಿಕೊಂಡು ಬರೆದುಕೊಳ್ಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಈಗ ಧಾಟಿ ನೆನಪಿದೆ, ಪದ ಒಂದೂ ಇಲ್ಲ.

ಆದ್ದರಿಂದ ನನ್ನದೊಂದು ಸೂಚನೆ. ಸೋಬಾನೆ ಹಾಡಬಲ್ಲ ಅಜ್ಜಿಯರು ಊರಿನಲ್ಲಿ ಈಗ ಬೆರಳೆಣಿಕೆಯಷ್ಟು. ಬೆಳ್ಳಿಹಬ್ಬದ ನೆನಪಿಗೆ ಅವರನ್ನೆಲ್ಲ ಸಂಘದ ಕಟ್ಟಡಕ್ಕೆ ಕರೆದು, ಸೀರೆ ಕುಪ್ಪಸ ಕೊಟ್ಟು, ಅವರು ಹಾಡಿದ್ದನ್ನು ನಮ್ಮ ಹುಡುಗರು ಮೊಬೈಲಿನಲ್ಲಿ ಹಿಡಿದು ಪುಸ್ತಕಕ್ಕೂ ಬರೆಯಲಿ. ಹಲಸಂಗಿಯವರು ಮಾಡಿದ್ದನ್ನು ನಾವೂ ಮಾಡಬಹುದು, ಖರ್ಚೂ ಹೆಚ್ಚಿಲ್ಲ. ಮನೆ ಮನೆಯ ಹಾಲನ್ನು ಒಂದೇ ಕ್ಯಾನಿಗೆ ಕೂಡಿಸುವುದು ಕಲಿತ ನಮಗೆ ಮನೆ ಮನೆಯ ಹಾಡು ಕೂಡಿಸುವುದು ಕಷ್ಟವಾಗಲಾರದು. ಮುಂದಿನ ಮಹಾಸಭೆಯಲ್ಲಿ ಈ ವಿಷಯ ಮಂಡಿಸುತ್ತೇನೆ, ತಾವೆಲ್ಲರೂ ಬೆಂಬಲಿಸಬೇಕೆಂದು ಕೋರುತ್ತೇನೆ.

ಜೈ ಸಹಕಾರ.