ಮುಂಬಯಿಯ ಡಾಲರು ಮತ್ತು ರೈತನ ಬೆಳ್ಳಿ

ಪೂರ್ವ ಏಷ್ಯದ ವ್ಯಾಪಾರಕ್ಕೆಂದೇ ಹತ್ತೊಂಬತ್ತನೆಯ ಶತಮಾನದಲ್ಲಿ ಹಲವು ರಾಷ್ಟ್ರಗಳು ಟಂಕಿಸಿದ ಬೆಳ್ಳಿಯ ಡಾಲರುಗಳು ಇಂದು ನಾಣ್ಯಸಂಗ್ರಾಹಕರಿಗೆ ಅತ್ಯಂತ ಪ್ರಿಯವಾದ ವಸ್ತುಗಳು. ಅವುಗಳಲ್ಲಿ ಒಂದಾದ ಬ್ರಿಟಿಷ್ ವಾಣಿಜ್ಯ ಡಾಲರು ಬಹುಮಟ್ಟಿಗೆ ಮುಂಬಯಿಯ ಟಂಕಸಾಲೆಯಲ್ಲಿಯೂ, ಸ್ವಲ್ಪ ಭಾಗ ಕಲ್ಕತ್ತೆಯಲ್ಲಿಯೂ ಹುಟ್ಟಿದುದು. ಇಂಡಿಯಾ ದೇಶದೊಳಗೆ ಅದು ಎಂದೂ ಶಾಸನಬದ್ಧ ನಾಣ್ಯವಾಗಿರಲಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಸಂತೆಯಲ್ಲಿ ಕೊಡುಕೊಳ್ಳುವಿಕೆ ನಡೆಯುತ್ತಿದ್ದುದು ರೂಪಾಯಿಯಲ್ಲಿ. ಆದರೂ ಈ ಡಾಲರಿನ ಹುಟ್ಟಿಗೂ ಈ ಸೀಮೆಯ ರೈತರು ಮನೆಯಲ್ಲಿ ಕೂಡಿಟ್ಟ ಬೆಳ್ಳಿಯ ಬೆಲೆ ಕುಸಿದುದಕ್ಕೂ ಒಂದೇ ಶಾಸನದ ಮೂಲಕ ಸಂಬಂಧವಿದೆಯೆಂಬುದನ್ನು ತೋರಿಸುವುದು ನಮ್ಮ ಉದ್ದೇಶ.

ಚೀನದ ರೇವುಪಟ್ಟಣಗಳಲ್ಲಿ ಮೊದಲು ಸ್ಪೇನಿನ, ಆಮೇಲೆ ಮೆಕ್ಸಿಕೋವಿನ ಡಾಲರು ಸಲ್ಲುತ್ತಿದ್ದಿತು. ಅದನ್ನು ಹಿಂದೆ ಹಾಕಲು ಅಮೆರಿಕವು ೧೮೭೩ರಲ್ಲಿ ೪೨೦ ಗ್ರೇನ್ ತೂಕದ ವಾಣಿಜ್ಯ ಡಾಲರನ್ನು ಹೊರಡಿಸಿತು. ಜಪಾನು ೧೮೭೫ರಲ್ಲಿ ಅದೇ ಪ್ರಯತ್ನ ಮಾಡಿತು. ಎರಡೂ ಬಹುಕಾಲ ಬಾಳಲಿಲ್ಲ. ೧೮೬೬ರಲ್ಲಿ ತೆರೆದ ಹಾಂಗ್‌ಕಾಂಗಿನ ಟಂಕಸಾಲೆಯಾದರೋ ಎರಡೇ ವರ್ಷಗಳಲ್ಲಿ ನಷ್ಟದಿಂದ ಮುಚ್ಚಿ, ಅದರ ಯಂತ್ರಗಳು ಜಪಾನಿಗೆ ಮಾರಾಟವಾದುವು. ಹೀಗಿರಲು ೧೮೯೫ರಲ್ಲಿ ಬ್ರಿಟಿಷ್ ಸರ್ಕಾರವು ಹಾಂಗ್‌ಕಾಂಗ್ ಮತ್ತು ಮಲಯದ ಜಲಸಂಧಿ ವಸಾಹತುಗಳಿಗಾಗಿ ಹೊಸ ಡಾಲರನ್ನು ಟಂಕಿಸಲು ಮುಂಬಯಿಯನ್ನು ಆರಿಸಿಕೊಂಡಿತು. ಆ ಕಾಲಕ್ಕೆ ಮುಂಬಯಿಯ ಯಂತ್ರಗಳಿಗೆ ಬಿಡುವು ದೊರೆತದ್ದು ಹೇಗೆ?

ಉತ್ತರವು ೧೮೯೩ನೆಯ ಜೂನ್ ೨೬ರ ಶಾಸನದಲ್ಲಿದೆ. ಅದುವರೆಗೆ ಯಾರೇ ಆಗಲಿ ಬೆಳ್ಳಿಯನ್ನು ಟಂಕಸಾಲೆಗೆ ಒಪ್ಪಿಸಿ, ನೂರಕ್ಕೆ ಸುಮಾರು ಎರಡರಷ್ಟು ಶುಲ್ಕ ತೆತ್ತು, ರೂಪಾಯಿಗಳನ್ನು ಪಡೆಯಬಹುದಾಗಿತ್ತು. ಲೋಕದ ಮಾರುಕಟ್ಟೆಯಲ್ಲಿ ಬೆಳ್ಳಿಯ ಬೆಲೆ ಇಳಿಯುತ್ತ ಬಂದಂತೆ ರೂಪಾಯಿಯ ಬೆಲೆಯೂ ಇಳಿದು, ಇಂಡಿಯಾ ಸರ್ಕಾರವು ಲಂಡನ್ನಿಗೆ ಚಿನ್ನದ ಲೆಕ್ಕದಲ್ಲಿ ಸಲ್ಲಿಸಬೇಕಾದ ಹಣದ ಹೊರೆ ಏರುತ್ತಿತ್ತು. ಇದನ್ನು ತಡೆಯಲು ಹರ್ಷೆಲ್ ಸಮಿತಿಯ ಸಲಹೆಯಂತೆ ಟಂಕಸಾಲೆಗಳ ಬಾಗಿಲನ್ನು ಪ್ರಜೆಗಳ ಬೆಳ್ಳಿಗೆ ಮುಚ್ಚಲಾಯಿತು. ರೂಪಾಯಿ ವಿರಳವಾಗಿ, ಕೆಲವೇ ವರ್ಷಗಳಲ್ಲಿ ಹದಿನಾರು ಪೆನ್ಸಿನ ದರದಲ್ಲಿ ನಿಂತಿತು. ಡಾಲರಿಗಾಗಿಯೇ ಟಂಕಸಾಲೆಯನ್ನು ಮುಚ್ಚಿದರೆಂದು ನಾವು ಹೇಳುತ್ತಿಲ್ಲ. ರೂಪಾಯಿಯ ಕೆಲಸವಿಲ್ಲದೆ ನಿಂತ ಯಂತ್ರಗಳಿಗೆ ಡಾಲರಿನ ಕೆಲಸ ಅನುಕೂಲವಾಗಿ ಒದಗಿತೆಂಬುದಷ್ಟೇ ನಿಶ್ಚಿತ.

ರೈತನಿಗೆ ಇದರಿಂದ ಆದುದನ್ನು ಲೆಕ್ಕ ಹಾಕಿಯೇ ನೋಡಬೇಕು. ರೂಪಾಯಿಯ ತೂಕ ೧೮೦ ಗ್ರೇನ್, ಅಂದರೆ ಸರಿಯಾಗಿ ಒಂದು ತೊಲ. ಅದರಲ್ಲಿ ಶುದ್ಧ ಬೆಳ್ಳಿ ೧೬೫ ಗ್ರೇನ್. ಆದುದರಿಂದ ೧೮೯೩ಕ್ಕೆ ಮೊದಲು ರೂಪಾಯಿಯಷ್ಟೇ ಶುದ್ಧವಾದ ಒಂದು ತೊಲದ ಕಡಗಕ್ಕೆ ಹೆಚ್ಚುಕಡಿಮೆ ಒಂದು ರೂಪಾಯಿ. ೧೯೦೨ರ ಕೊನೆಯಲ್ಲಿ ಲಂಡನ್ನಿನಲ್ಲಿ ಬೆಳ್ಳಿ ಔನ್ಸಿಗೆ ೨೨ ಪೆನ್ಸಿಗಿಂತಲೂ ಕೆಳಗಿಳಿಯಿತು. ಆ ದರದಲ್ಲಿ ಅದೇ ಕಡಗದ ಬೆಳ್ಳಿಗೆ ಸುಮಾರು ಎಂಟು ಪೆನ್ಸ್. ಹದಿನಾರು ಪೆನ್ಸಿಗೆ ಹದಿನಾರು ಆಣೆಯಾದುದರಿಂದ ಇದು ಎಂಟು ಆಣೆ. ಸರ್ಕಾರಕ್ಕೆ ಸಲ್ಲಬೇಕಾದ ಕಂದಾಯವಾದರೋ ರೂಪಾಯಿಯಲ್ಲಿಯೇ ಇತ್ತು. ಹಿಂದೆ ಒಂದು ತೊಲದಿಂದ ತೀರುತ್ತಿದ್ದ ರೂಪಾಯಿಯ ಬಾಕಿಗೆ ಈಗ ಎರಡು ತೊಲ ಬೇಕಾಯಿತು. ರೂಪಾಯಿಯೂ ಬೆಳ್ಳಿಯೊಡನೆ ಇಳಿದಿದ್ದರೆ ಪದಾರ್ಥಗಳ ಬೆಲೆ ಏರುತ್ತಿತ್ತೆಂಬ ಸರ್ಕಾರದ ಪಕ್ಷದ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಆಗ ಬೆಳೆ ಮಾರುವ ರೈತನಿಗೆ ಕಂದಾಯ ಹಗುರವಾಗುತ್ತಿತ್ತೆಂಬುದನ್ನು ಆ ಪಕ್ಷದವರು ಒತ್ತಿ ಹೇಳಲಿಲ್ಲ. ದಾದಾಭಾಯಿ ನವರೋಜಿಯವರು ಈ ನೀತಿಯನ್ನು ವಿರೋಧಿಸಿದುದು ಪ್ರಸಿದ್ಧವೇ ಆಗಿದೆ.

ಬೆಳ್ಳಿಯ ಒಡವೆಯೆಂದರೆ ಬರಿಯ ಅಲಂಕಾರವೆಂದು ಭಾವಿಸಬಾರದು. ೧೮೭೬–೭೮ರ ಕ್ಷಾಮದಲ್ಲಿ ಒಡವೆಗಳು ರಾಶಿರಾಶಿಯಾಗಿ ಮುಂಬಯಿಯ ಟಂಕಸಾಲೆಗೆ ಹೋಗಿ ರೂಪಾಯಿಗಳಾದುವು. ಮೈಸೂರು ಸಂಸ್ಥಾನದ ಜನಸಂಖ್ಯೆ ೧೮೭೧ರ ಗಣತಿಯಲ್ಲಿ ಐವತ್ತು ಲಕ್ಷಕ್ಕೆ ಮೀರಿದ್ದುದು ೧೮೮೧ರಲ್ಲಿ ನಲವತ್ತೆರಡು ಲಕ್ಷದೊಳಕ್ಕೆ ಇಳಿದಿತ್ತು. ಜಗಳೂರಿನಂಥ ಒಣನಾಡಿನಲ್ಲಿ ಉಡಿದಾರ, ಕಾಲಕಡಗಗಳೇ ಕಡೆಯ ಆಸರೆ. ಮೈಸೂರಿನ ಸ್ವಂತ ಟಂಕಸಾಲೆ ೧೮೪೩ರಲ್ಲಿಯೇ ಮುಚ್ಚಿದ್ದುದರಿಂದ ಸಂಸ್ಥಾನದ ಪ್ರಜೆಗಳಿಗೆ ಬೇರೆ ದಾರಿಯೂ ಇರಲಿಲ್ಲ. ಮಲೆನಾಡಿನ ಅಡಕೆ, ಬಯಲುಸೀಮೆಯ ಧಾನ್ಯ ಸೇರುವ ನ್ಯಾಮತಿ ಪೇಟೆಯ ವರ್ತಕನಿಗೆ ಸ್ಥಿರವಾದ ರೂಪಾಯಿ ಅನುಕೂಲವೇ ಆಗಿದ್ದೀತು. ನಷ್ಟವು ಬಿದ್ದುದು ಒಡವೆಯನ್ನೇ ನಂಬಿದ್ದವರ ಮೇಲೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಸಂತ ಸೇವಾಲಾಲರ ಜನ್ಮಸ್ಥಳ. ಲಂಬಾಣಿ ಸ್ತ್ರೀಯರ ಉಡುಪಿನಲ್ಲಿಯೂ ಒಡವೆಗಳಲ್ಲಿಯೂ ನಾಣ್ಯಗಳನ್ನು ಪೋಣಿಸುವ ಪದ್ಧತಿ ಉಂಟಷ್ಟೆ. ೧೮೯೩ರ ತರುವಾಯ ಹಾಗೆ ಪೋಣಿಸಿದ ರೂಪಾಯಿ, ತೂತು ಬೀಳದೆ ಇದ್ದರೆ, ಹದಿನಾರು ಆಣೆಗೆ ಸಲ್ಲುತ್ತಿತ್ತು. ಅದೇ ತೂಕದ ಬೆಳ್ಳಿಯ ಬಳೆ ಅದರ ಅರ್ಧಕ್ಕೆ. ಹಳೆಯ ಒಡವೆಗಳನ್ನು ಪರೀಕ್ಷಿಸುವ ವಿದ್ಯಾರ್ಥಿಗಳು ರೂಪಾಯಿಗಳ ಇಸವಿಯನ್ನೂ, ಕೊಂಡಿಯನ್ನು ಬೆಸೆದಿದೆಯೋ ತೂತು ಕೊರೆದಿದೆಯೋ ಎಂಬುದನ್ನೂ ಗುರುತಿಸಿಕೊಳ್ಳುವುದು ಒಳ್ಳೆಯದು.

ಇನ್ನು ಡಾಲರು. ತೂಕ ೪೧೬ ಗ್ರೇನ್, ಸಾವಿರಕ್ಕೆ ೯೦೦ ಪಾಲು ಬೆಳ್ಳಿ. ಎರಡೂಕಾಲು ರೂಪಾಯಿಗಳಲ್ಲಿರುವಷ್ಟು ಬೆಳ್ಳಿ ಇದೊಂದರಲ್ಲಿದ್ದರೂ, ೧೯೦೨ರ ಆ ದರದಲ್ಲಿ ಅದರ ಬೆಲೆ ಒಂದು ರೂಪಾಯಿ ಎರಡು ಆಣೆಯಷ್ಟೆ! ಒಂದು ಮುಖದಲ್ಲಿ ತ್ರಿಶೂಲ, ಗುರಾಣಿ ಹಿಡಿದು ಕಡಲತಡಿಯಲ್ಲಿ ನಿಂತ ಬ್ರಿಟಾನಿಯ; ಚೀನೀಯರು ಈ ದೇವಿಯನ್ನು ಗಂಡಸೆಂದೆಣಿಸಿಯೋ ಏನೋ ನಾಣ್ಯವನ್ನು ‘ನಿಂತ ಮನುಷ್ಯ’ ಎಂದರು. ಹಿಂಬದಿಯಲ್ಲಿ ದೀರ್ಘಾಯುಷ್ಯವನ್ನು ಸೂಚಿಸುವ ಚೀನೀ ಚಿಹ್ನೆ, ಚೀನೀ ಮತ್ತು ಮಲಯ ಬರಹಗಳು. ತ್ರಿಶೂಲದ ನಡುಮೊನೆಯಲ್ಲಿ ಅತಿ ಸೂಕ್ಷ್ಮವಾದ ‘ಬಿ’ ಅಕ್ಷರವಿದ್ದರೆ ಅದು ಮುಂಬಯಿಯದು. ಎಡಗಾಲಿಗೂ ಗುರಾಣಿಗೂ ನಡುವೆ ‘ಸಿ’ ಇದ್ದರೆ ಕಲ್ಕತ್ತೆಯದು.

ಅನೇಕ ಡಾಲರುಗಳ ಮೇಲೆ ಚೀನೀ ವರ್ತಕರು ಪರೀಕ್ಷಿಸಿ ಒತ್ತಿದ ಸಣ್ಣ ಠಸ್ಸೆಗಳಿರುತ್ತವೆ. ಇವು ನಾಣ್ಯದ ಅಂದವನ್ನು ಕೆಡಿಸಿದುವೆಂದು ಬಹುಮಂದಿ ಸಂಗ್ರಾಹಕರು ದೂರವಿಡುವರು. ನಮಗೆ ಇದು ಸರಿತೋರುವುದಿಲ್ಲ. ನಾಣ್ಯವು ಕೈಯಿಂದ ಕೈಗೆ ದಾಟಿದುದಕ್ಕೆ ಅದರ ಮೈಮೇಲೆ ಉಳಿದ ಸಾಕ್ಷ್ಯ ಆ ಠಸ್ಸೆಯೇ. ನಮ್ಮ ಚಿನಿವಾರರೂ ಹಳೆಯ ರೂಪಾಯಿಗಳ ಮೇಲೆ ಇದೇ ಕೆಲಸ ಮಾಡಿದ್ದಾರೆ. ಚಿನಿವಾರನಿಗಿರುವ ‘ಶರಾಫ’ ಎಂಬ ಹೆಸರು ಆಂಗ್ಲರ ಬಾಯಲ್ಲಿ ‘ಶ್ರಾಫ್’ ಆಗಿ ಚೀನದ ರೇವುಗಳನ್ನು ಸೇರಿತು. ಹಾಂಗ್‌ಕಾಂಗಿನಲ್ಲಿ ಇಂದಿಗೂ ಹಣ ಕಟ್ಟುವ ಕಟ್ಟೆಯ ಮೇಲೆ ಆ ಪದವನ್ನು ಕಾಣಬಹುದು.

ಠಸ್ಸೆಯಿಲ್ಲದ ಹೊಳೆಯುವ ಡಾಲರನ್ನೇ ಬಯಸುವವರಿಗೆ ನಕಲಿಯ ಭಯ ಹೆಚ್ಚು. ಇದಕ್ಕೆ ಕಾಲೇಜಿನ ಭೌತಶಾಸ್ತ್ರ ಪ್ರಯೋಗಶಾಲೆಯ ತಕ್ಕಡಿಯೇ ಸಾಕು. ಅಚ್ಚಳಿಯದ ನಾಣ್ಯದ ತೂಕ ೨೬.೯೫ ಗ್ರಾಂ, ನೀರಿನಲ್ಲಿ ತೂಗಿದಾಗ ೨.೬ ಗ್ರಾಮಿನಷ್ಟು ಕಡಮೆ ಬರಬೇಕು. ನಷ್ಟ ಮೂರು ಗ್ರಾಮಿಗೆ ಸಮೀಪಿಸಿದರೆ ಅದು ಹಿತ್ತಾಳೆಯದೋ ಮತ್ತಾವುದೋ ಹಗುರ ಲೋಹದ್ದೋ ಇರಬೇಕು. ಹುಣಿಸೆಹಣ್ಣು, ರಂಗೋಲಿ ಪುಡಿಗಳಿಂದ ಉಜ್ಜುವುದನ್ನಂತೂ ಖಂಡಿತ ಬಿಡಬೇಕು; ಒಂದೇ ಉಜ್ಜಿಗೆ ಆ ಸಣ್ಣ ‘ಬಿ’ ಅಳಿಸಿಹೋದೀತು.

ಜಲಸಂಧಿ ವಸಾಹತುಗಳಲ್ಲಿ ೧೯೦೩ರಲ್ಲಿ ಬೇರೊಂದು ಡಾಲರು ಬಂದು, ಅದೂ ಮುಂಬಯಿಯಲ್ಲಿಯೇ ಟಂಕಿತವಾಗಿ, ಹಳೆಯದನ್ನು ಹೊರಹಾಕಿತು. ಅಮೆರಿಕದ ೧೯೩೪ರ ಬೆಳ್ಳಿಖರೀದಿಯ ಶಾಸನದಿಂದ ಬೆಳ್ಳಿಯ ಬೆಲೆ ಏರಿ, ಚೀನದ ಬೆಳ್ಳಿ ಹೊರದೇಶಕ್ಕೆ ಹರಿಯಲು, ೧೯೩೫ರ ನವೆಂಬರಿನಲ್ಲಿ ಚೀನವು ಬೆಳ್ಳಿಯ ಪ್ರಮಾಣವನ್ನೇ ಕೈಬಿಟ್ಟಿತು. ಹಾಂಗ್‌ಕಾಂಗೂ ಅದನ್ನು ಅನುಸರಿಸಿತು. ಅದೇ ವರ್ಷ ಮುಂಬಯಿಯಲ್ಲಿ ಟಂಕಿಸಿದ ಕೊನೆಯ ಡಾಲರುಗಳಲ್ಲಿ ಬಹುಪಾಲು ಮರಳಿ ಮೂಸೆಗೆ ಬಿದ್ದುವು. ೧೯೩೭ರ ಆಗಸ್ಟ್ ಮೊದಲನೆಯ ದಿನ ಹಾಂಗ್‌ಕಾಂಗಿನಲ್ಲಿಯೂ ಈ ನಾಣ್ಯದ ಚಲಾವಣೆ ರದ್ದಾಯಿತು.