ರಾಗಿಯ ತೂಕ, ಜಾಲದ ಲೆಕ್ಕ

ಹುಣಸೂರಿನ ಸಂತೆಯಲ್ಲಿ ತೂಗುವ ಒಂದು ಕಿಲೋ ರಾಗಿಗೆ ಆ ತೂಕ ಎಲ್ಲಿಂದ ಬಂತು? ಬಹುಪಾಲು ಕ್ವಾರ್ಕುಗಳಿಂದಲ್ಲ, ಅವನ್ನು ಪ್ರೋಟಾನು, ನ್ಯೂಟ್ರಾನುಗಳೊಳಗೆ ಬಿಗಿದಿಟ್ಟಿರುವ ಪ್ರಬಲ ನ್ಯೂಕ್ಲಿಯರ್ ಬಲದ ಶಕ್ತಿಯಿಂದ.

ಈ ಬಲವನ್ನು ಕಾಗದದ ಮೇಲೆ ಲೆಕ್ಕ ಹಾಕುವುದು ಬಲು ಕಷ್ಟ. ಹೀಗಾಗಿ 1974ರಲ್ಲಿ ಅಮೆರಿಕದ ಕೆನೆತ್ ವಿಲ್ಸನ್ ದೇಶ-ಕಾಲವನ್ನೇ ಚೌಕುಳಿ ಜಾಲವಾಗಿ ಕಲ್ಪಿಸಿದರು. ಕಂಪ್ಯೂಟರಿಗೆ ದಾರಿಯಾಯಿತು, ಜೊತೆಗೆ ತಪ್ಪೂ ನುಸುಳಿತು. ಗ್ರಾಫ್ ಹಾಳೆಯ ಚೌಕ ಎಣಿಸಿ ಪಿರಿಯಾಪಟ್ಟಣದ ಕೆರೆಯೊಂದರ ವಿಸ್ತೀರ್ಣ ತೆಗೆದರೆ ದಂಡೆಯ ಅಂಕುಡೊಂಕಿನಲ್ಲಿ ಲೆಕ್ಕ ತಪ್ಪುತ್ತದಲ್ಲ, ಹಾಗೆ. ಚೌಕ ಚಿಕ್ಕದಾದಷ್ಟೂ ತಪ್ಪು ಕಡಿಮೆ. ಆದರೆ ನಾಲ್ಕು ಆಯಾಮಗಳ ಜಾಲದಲ್ಲಿ ಅಂತರ ಅರ್ಧವಾದರೆ ಬಿಂದುಗಳು 16 ಪಟ್ಟಾಗುತ್ತವೆ.

1983ರಲ್ಲಿ ಜರ್ಮನಿಯ ಕರ್ಟ್ ಸೈಮಾಂಜಿಕ್ ಬೇರೆ ಹಾದಿ ತೋರಿದರು: ಜಾಲವನ್ನು ಹಾಗೇ ಬಿಟ್ಟು, ಸಮೀಕರಣಕ್ಕೇ ತಿದ್ದುಪಡಿಯ ಪದ ಸೇರಿಸುವುದು. 1985ರಲ್ಲಿ ಶೇಖೋಲೆಸ್ಲಾಮಿ ಮತ್ತು ವೋಲರ್ಟ್ ಇದನ್ನು ಕ್ವಾರ್ಕುಗಳಿಗೆ ಅನ್ವಯಿಸಿದರು. ಆ ಪದ ಸರಿಯಾಗಿ ಹೊಂದಿದರೆ, ಅಂತರ ಅರ್ಧವಾದಾಗ ತಪ್ಪು ಅರ್ಧಕ್ಕಲ್ಲ, ಕಾಲುಭಾಗಕ್ಕೇ ಇಳಿಯುತ್ತದೆ.

2000ದ ಆಗಸ್ಟಿನಲ್ಲಿ ಈ ಕ್ಷೇತ್ರದ 18ನೇ ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದು ಬೆಂಗಳೂರಿನಲ್ಲಿ. ಅಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಪೂರ್ವ ಪಟೇಲ್ ಈ ಗಣನೆಯಲ್ಲಿ ದುಡಿದವರಲ್ಲೊಬ್ಬರು. 2008ರಲ್ಲಿ ಯುರೋಪಿನ ತಂಡವೊಂದು ಪ್ರೋಟಾನಿನ ದ್ರವ್ಯರಾಶಿಯನ್ನು ಕೆಲವೇ ಶೇಕಡಾ ತಪ್ಪಿನೊಳಗೆ ಲೆಕ್ಕ ಹಾಕಿ ತೋರಿಸಿತು. ತಕ್ಕಡಿ ಹೇಳುತ್ತಿದ್ದುದನ್ನು ಸಮೀಕರಣವೂ ಹೇಳಿತು.